ದೀಪ ಹಚ್ಚುವ ಹೊತ್ತಿನ ಮಿಸ್ ಕಾಲ್

ಆ ಗುರುವಾರ ನಾನು ಫೋನಿನ ಮಾತು ಕೇಳಬಾರದಿತ್ತು. ಎರಡು ತಿಂಗಳಿಂದ ಅದು ಅಪ್‌ಡೇಟ್ ಮಾಡಿ, ಅಪ್‌ಡೇಟ್ ಮಾಡಿ ಎಂದು ಪ್ರಾಣ ತಿನ್ನುತ್ತಿತ್ತು. ಪ್ರತಿ ಸಲವೂ ‘ಆಮೇಲೆ’ ಎಂಬುದನ್ನು ಒತ್ತಿ ತಪ್ಪಿಸಿಕೊಳ್ಳುತ್ತಿದ್ದೆ. ಅವತ್ತು ಕಚೇರಿಯಿಂದ ಬಂದವಳೇ ಚಹಾಕ್ಕೆ ಇಟ್ಟರೆ ಹಾಲು ಒಡೆದುಹೋಯಿತು. ತಲೆ ಕೆಟ್ಟು ನಿಂತಿದ್ದಾಗಲೇ ಫೋನು ಮತ್ತೆ ಕೇಳಿತು. ‘ಮಾಡ್ಕೊಂಡು ಹಾಳಾಗಿ ಹೋಗು’ ಎಂದು ಬೈದು ‘ಈಗಲೇ’ ಎಂಬುದನ್ನು ಒತ್ತಿದೆ. ಫೋನು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿತು.

ಮುಕ್ಕಾಲು ಗಂಟೆ ಪರದೆಯ ಮೇಲೆ ಒಂದು ಬಳೆ ಗಿರಗಿರ ತಿರುಗಿತು. ಫೋನು ಮತ್ತೆ ಎದ್ದ ಮೇಲೆ ನೋಡಿದರೆ ಎಲ್ಲವೂ ಹೊಸದು. ಅಕ್ಷರ ದುಂಡಗಾಗಿತ್ತು, ಬಣ್ಣ ಬದಲಾಗಿತ್ತು, ಗಡಿಯಾರ ಬಲಗಡೆಯಿಂದ ಎಡಗಡೆಗೆ ಬಂದು ಕೂತಿತ್ತು. ಸಿಗ್ನಲ್ ಕಡ್ಡಿಗಳು ಇರಬೇಕಾದ ಜಾಗದಲ್ಲಿ ಸಣ್ಣದೊಂದು ಅಡ್ಡಗೀಟು. ಆಫ್ ಮಾಡಿ ಆನ್ ಮಾಡಿದೆ. ಸಿಮ್ ತೆಗೆದು ಸೆರಗಿನಲ್ಲಿ ಒರೆಸಿ, ಊದಿ, ಮತ್ತೆ ಹಾಕಿದೆ. ತಾರಸಿಗೆ ಹೋಗಿ ಕೋಟೆಯ ಕಡೆಗೊಮ್ಮೆ, ಗಾಳಿ ಫ್ಯಾನುಗಳು ತಿರುಗುವ ಗುಡ್ಡದ ಕಡೆಗೊಮ್ಮೆ ಫೋನನ್ನು ಎತ್ತಿ ಹಿಡಿದೆ. ಪಕ್ಕದ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಗಸು ನನ್ನದೇ ಕಂಪನಿಯ ಸಿಮ್ಮಿನಲ್ಲಿ ಹಾಯಾಗಿ ಮಾತಾಡುತ್ತಿದ್ದಳು. ಕೆಳಗಿಳಿದು ಬರುವಷ್ಟರಲ್ಲಿ ದೇವರ ಮುಂದೆ ದೀಪ ಹಚ್ಚುವ ಹೊತ್ತು ಮೀರಿತ್ತು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ದೀಪ ಹಚ್ಚುವ ಹೊತ್ತಿಗೆ ನನಗೊಂದು ಮಿಸ್ ಕಾಲ್ ಬರಬೇಕಿತ್ತು. ಅದು ನನ್ನ ಅಣ್ಣನದು.

ನಮ್ಮದು ಹೊಸದುರ್ಗದ ಹತ್ತಿರದ ಹಳ್ಳಿ, ಕುರಿ ಕಾಯುವ ಮನೆತನ. ಅಣ್ಣ ಈಗಲೂ ವರ್ಷದಲ್ಲಿ ಆರೇಳು ತಿಂಗಳು ಮಂದೆಯ ಹಿಂದೆ ಊರೂರು ಅಲೆಯುತ್ತಾನೆ. ಬೆಳೆ ಕಿತ್ತ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತಾನೆ, ಬಲೆಯ ಬೇಲಿಯೊಳಗೆ ಕೂಡಿ ಮಲಗಿಸುತ್ತಾನೆ. ಹೊಲದವರು ಕಾಳೋ ಊಟವೋ ಕೊಡುತ್ತಾರೆ. ಎರಡು ದಿನಕ್ಕೆ ಮುಂದಿನ ಹೊಲ. ಒಂಬತ್ತು ವರ್ಷದ ಹಿಂದೆ ನನ್ನ ಗಂಡ ತೀರಿಕೊಂಡಾಗ ಅನುಕಂಪದ ಮೇಲೆ ಅವರ ಕೆಲಸ ನನಗೆ ಸಿಕ್ಕಿ, ಹತ್ತು ವರ್ಷದ ಮಗಳನ್ನು ಕರೆದುಕೊಂಡು ದುರ್ಗದ ಬಾಡಿಗೆ ಮನೆಗೆ ಬಂದೆ. ಅಣ್ಣ ಹದಿನೈದು ದಿನ ಜೊತೆಗಿದ್ದ. ಆಮೇಲೆ ಕುರಿಗಳನ್ನು ಬಿಟ್ಟಿರಲಾಗದೆ ಹೊರಟ. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: “ನೋಡವ್ವ, ದಿನಾ ದೀಪ ಹಚ್ಚೋ ಹೊತ್ತಿಗೆ ಒಂದು ರಿಂಗ್ ಕೊಡ್ತೀನಿ. ನೀನು ಕಟ್ ಮಾಡು. ಕಟ್ ಮಾಡಿದ್ರೆ ಆರಾಮ ಇದೀಯ ಅಂದ್ಕಂತೀನಿ. ಎತ್ತಿದ್ರೆ ಏನೋ ಆಗೈತೆ ಅಂತ ಓಡಿ ಬತ್ತೀನಿ.”

ಒಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ಎತ್ತಲಿಲ್ಲ. ಜ್ವರ ಬಂದು ಹಾಸಿಗೆ ಹಿಡಿದಾಗಲೂ ಕಟ್ ಮಾಡಿದೆ. ಕಚೇರಿಯಲ್ಲಿ ಮೇಲಧಿಕಾರಿಯಿಂದ ಬೈಸಿಕೊಂಡು ಅಳುತ್ತಾ ಬಂದ ದಿನವೂ ಕಟ್ ಮಾಡಿದೆ. ಮುಂದೆ ಎಷ್ಟು ಹೊತ್ತು ಮಾತಾಡಿದರೂ ಖರ್ಚಿಲ್ಲದ ಕಾಲ ಬಂತು. ನಮ್ಮ ರೂಢಿ ಮಾತ್ರ ಬದಲಾಗಲಿಲ್ಲ. ಬೇರೆ ಮಾತಿದ್ದರೆ ಹಗಲು ಆಡುತ್ತಿದ್ದೆವು. ಸಂಜೆಯದು ಒಂದು ರಿಂಗು, ನನ್ನ ಹೆಬ್ಬೆರಳಿನ ಒಂದು ಒತ್ತು, ಅಷ್ಟೇ.

ಹಗಲಿನ ಮಾತು ಒಂದೂವರೆ ವರ್ಷದ ಹಿಂದೆ ನಿಂತುಹೋಯಿತು. ನಿಲ್ಲುವಂತೆ ಮಾಡಿದ್ದು ನಾನು.

ಅಣ್ಣ ತನ್ನ ಮಗನಿಗೆ ನನ್ನ ಮಗಳನ್ನು ಕೇಳಲು ಬಂದಿದ್ದ. ನಮ್ಮಲ್ಲಿ ಸೋದರತ್ತೆಯ ಮಗಳನ್ನು ತರುವುದು ಮೊದಲಿನಿಂದ ನಡೆದು ಬಂದದ್ದು, ಅವನು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಊರಿನ ನಾಲ್ವರು ಹಿರಿಯರನ್ನು ಕರೆತಂದು, ವೀಳ್ಯದೆಲೆ ತೆಂಗಿನಕಾಯಿ ಇಟ್ಟು, ಚಾಪೆಯ ಮೇಲೆ ಕುಳಿತು ಮರ್ಯಾದೆಯಾಗಿ ಕೇಳಿದ. ಮಗಳು ದಾವಣಗೆರೆಯಲ್ಲಿ ನರ್ಸಿಂಗಿಗೆ ಸೇರಿದ್ದಳು. ‘ಅವಳು ಓದಬೇಕು ಅಂತಾಳೆ ಅಣ್ಣ, ಈಗ ಬೇಡ’ ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಿರಿಯರಲ್ಲೊಬ್ಬರು ‘ಹೆಣ್ಣು ಎಷ್ಟು ಓದಿದರೇನು’ ಎಂದು ರಾಗ ತೆಗೆದರು. ನನ್ನ ನಾಲಗೆಗೆ ಮೊದಲಿನಿಂದಲೂ ಹಗ್ಗವಿಲ್ಲ. “ಓದ್ಸಿ ಬೆಳ್ಸಿ ಕೊನೆಗೆ ಕುರಿ ಹಿಂದೆ ತಿರುಗೋರ ಮನೆಗೆ ಕೊಡ್ಲಾ?” ಎಂದುಬಿಟ್ಟೆ.

ನಾನೂ ಅದೇ ಮನೆಯ ಮಗಳು ಎಂಬುದು ಹೇಳಿ ಮುಗಿಸಿದ ಮೇಲೆ ನೆನಪಾಯಿತು. ಅಣ್ಣನ ಮಗ ಹಿರಿಯರಿಗೆ ನೀರು ತರಲೆಂದು ಒಳಗೆ ಹೋಗಿದ್ದವನು ಚೊಂಬು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಪಿಯುಸಿ ಮುಗಿಸಿ, ಅಪ್ಪನ ಮೊಣಕಾಲು ನೋವಿಗಾಗಿ ಓದು ಬಿಟ್ಟು ಮಂದೆಯ ಜೊತೆ ಹೊರಟಿದ್ದವನು ಅವನು. ಚೊಂಬನ್ನು ಚಾಪೆಯ ಹತ್ತಿರ ಇಟ್ಟು ಹೊರಗೆ ಹೋದ. ಅಣ್ಣ ತೆಂಗಿನಕಾಯಿಯನ್ನು ಟವಲಿನಲ್ಲಿ ಕಟ್ಟಿಕೊಂಡು ಎದ್ದ. ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟ.

ನಮ್ಮ ಜನ ಮಾತು ಬಿಟ್ಟರೆ ಅದನ್ನೂ ಅಚ್ಚುಕಟ್ಟಾಗಿ ಬಿಡುತ್ತಾರೆ. ಮದುವೆ, ತಿಥಿ ಎಲ್ಲಕ್ಕೂ ಬರುತ್ತಾರೆ, ಒಂದೇ ಸಾಲಿನಲ್ಲಿ ಉಣ್ಣುತ್ತಾರೆ. ಹೇಳಲೇಬೇಕಾದದ್ದನ್ನು ಪಕ್ಕದವರಿಗೆ ಹೇಳಿ ಕೇಳಿಸುತ್ತಾರೆ. ಅಣ್ಣನೂ ಹಾಗೇ ಇದ್ದ. ಆದರೆ ಸಂಜೆಯ ರಿಂಗು ಒಂದು ದಿನವೂ ತಪ್ಪಲಿಲ್ಲ. ಅವನ ಬಾಯಿ ಮುನಿಸಿಕೊಂಡಿದೆ, ಕೈ ಮುನಿಸಿಕೊಂಡಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ದಿನ ದೂಡಿದೆ. ಕ್ಷಮೆ ಕೇಳುವುದನ್ನು ಮುಂದಕ್ಕೆ ಹಾಕಲು ಆ ಒಂದು ರಿಂಗು ನನಗೆ ಸಾಕಾಗುತ್ತಿತ್ತು. ಈಗ ಅದನ್ನು ನಾನು ಕಟ್ ಮಾಡದೇ ಹೋದರೆ ಅಣ್ಣ ಏನು ತಿಳಿಯುತ್ತಾನೆ? ಇವಳು ಇದನ್ನೂ ಬಿಟ್ಟಳು ಎಂದು ತಿಳಿಯುತ್ತಾನೆ. ನನ್ನ ಹೆದರಿಕೆ ಅದೇ ಆಗಿತ್ತು.

ಶುಕ್ರವಾರ ಕಚೇರಿಗೆ ತಡವಾಗಿ ಹೋಗುತ್ತೇನೆಂದು ಹೇಳಿಸಿ, ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ಎಲ್ಲ ಸೆಟಿಂಗನ್ನೂ ಒಂದು ಸುತ್ತು ತಿರುಗಿಸಿ, “ಬಿಟ್ಟೋಗ್ರಿ ಅಕ್ಕಾ, ನಾಳೆ ನೋಡಾಣ” ಎಂದ. ಬಿಟ್ಟು ಬಂದೆ. ಸಿಮ್ಮು ಅದರೊಳಗೇ ಉಳಿದಿದೆ ಎಂಬುದು ಕಚೇರಿಯ ಮೆಟ್ಟಿಲು ಹತ್ತುವಾಗ ಹೊಳೆಯಿತು. ಇಡೀ ದಿನ ಕೈ ಖಾಲಿ. ಒಂದು ಕಡತವನ್ನು ಮೂರು ಸಲ ಓದಿ ಮೂರು ಸಲವೂ ಮರೆತೆ. ಎದ್ದು ಕಿಟಕಿಗೆ ಹೋಗುವುದು, ಬಂದು ಕೂರುವುದು, ಇಲ್ಲದ ಫೋನಿಗೆ ಟೇಬಲ್ಲಿನ ಮೇಲೆ ಕೈಯಾಡಿಸುವುದು.

ಎದುರು ಕೂರುವ ಸಹೋದ್ಯೋಗಿ ನೋಡಿ ನೋಡಿ ಸಾಕಾಗಿ, “ನನ್ನ ಫೋನಿಂದ ಮಾಡ್ರಿ ಮೇಡಂ, ಯಾರಿಗೆ ಬೇಕೋ ಅವರಿಗೆ” ಎಂದು ಮುಂದಿಟ್ಟರು. ಅಣ್ಣನ ನಂಬರು ನನಗೆ ಬಾಯಿಪಾಠ. ಏಳು ಅಂಕಿ ಒತ್ತಿ ನಿಲ್ಲಿಸಿದೆ. ಈ ಫೋನಿನಿಂದ ರಿಂಗು ಕೊಟ್ಟರೆ ಯಾರೆಂದು ಅವನಿಗೆ ಗೊತ್ತಾಗುವುದಿಲ್ಲ, ನಾನು ಬಾಯಿ ಬಿಡಬೇಕಾಗುತ್ತದೆ. ಬಾಯಿ ಬಿಟ್ಟರೆ ಮೊದಲು ಮಾತಾಡಿದವಳು ನಾನಾಗುತ್ತೇನೆ. ತಪ್ಪು ನನ್ನದೇ, ಆದರೂ ಸೋಲಲು ಮನಸ್ಸಿಲ್ಲ! ಬೈದದ್ದೂ ನಾನೇ, ಬಿಗುಮಾನ ಬಿಡದವಳೂ ನಾನೇ. ಅತ್ತಿಗೆಗೆ ಹೇಳಿ ತಿಳಿಸೋಣವೆಂದರೆ ಅದೂ ಸೋತಂತೆಯೇ. ಫೋನನ್ನು ಅವರಿಗೆ ಹಿಂದಿರುಗಿಸಿ, ನಂಬರು ನೆನಪಿಲ್ಲ ಎಂದು ಸುಳ್ಳು ಹೇಳಿದೆ.

ಅವತ್ತು ಸಂಜೆ ದೀಪ ಹಚ್ಚಿ ದೇವರ ಮುಂದೆ ಕೂತೆ. ಆ ಹೊತ್ತಿಗೆ ಹೆಬ್ಬೆರಳು ತಾನಾಗಿ ಮಿಸುಕಿತು. ದೇವರಿಗೆ ಕೈ ಮುಗಿದು ಏನು ಕೇಳಿಕೊಳ್ಳುವುದೆಂದು ತಿಳಿಯಲಿಲ್ಲ. ಅಲ್ಲೆಲ್ಲೋ ಒಂದು ಹೊಲದ ಬದುವಿನಲ್ಲಿ ಅಣ್ಣ ಫೋನು ಕಿವಿಗಿಟ್ಟುಕೊಂಡು, ನಾನು ಕಟ್ ಮಾಡಲೆಂದು ಕಾಯುತ್ತಿದ್ದಾನೆ ಅನ್ನಿಸಿತು.

ಶನಿವಾರ ರಜೆ ಹಾಕಿ ಅಂಗಡಿಗೆ ಹೋದೆ. “ನಮ್ ಕೈಲಿ ಆಗಲ್ಲ ಅಕ್ಕಾ. ಹೊಳಲ್ಕೆರೆಯಾಗೆ ಒಬ್ರು ಅವ್ರೆ, ಬೋರ್ಡ್ ಕೆಲ್ಸ ಮಾಡ್ತಾರೆ. ಅವ್ರ್ ಕೈಲೂ ಆಗ್ಲಿಲ್ಲ ಅಂದ್ರೆ ಆಸೆ ಬಿಡ್ರಿ” ಎಂದ. ನಿಂತ ಕಾಲಲ್ಲೇ ಹೊಳಲ್ಕೆರೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಫೋನನ್ನು ತೆಗೆದು ನೋಡುವುದು, ಅಡ್ಡಗೀಟು ಕಂಡು ಬ್ಯಾಗಿಗೆ ತುರುಕುವುದು. ಪಕ್ಕದಲ್ಲಿ ಕೂತಿದ್ದ ಅಜ್ಜಿ, “ಯಾಕವ್ವ, ಏನ್ ಕಳ್ಕಂಡೆ?” ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಹೊಳಲ್ಕೆರೆಯ ಅಂಗಡಿ ಒಂದು ಬಾಗಿಲಿನದು. ಹಣೆಗೆ ಭೂತಗನ್ನಡಿ ಏರಿಸಿಕೊಂಡಿದ್ದ ನಡುವಯಸ್ಸಿನವರೊಬ್ಬರು ಫೋನನ್ನು ತೆಗೆದುಕೊಂಡು, ಅದರ ಗುರುತಿನ ಸಂಖ್ಯೆ ತೋರಿಸಲೆಂದು ಏನನ್ನೋ ಒತ್ತಿದರು. ಹದಿನೈದು ಅಂಕಿ ಬರಬೇಕಾದಲ್ಲಿ ಪರದೆ ಖಾಲಿ. “ನೋಡ್ರಿ ಅಕ್ಕಾರೆ,” ಎಂದರು, “ಅಪ್‌ಡೇಟ್ ಆಗ್ವಾಗ ಇದಕ್ಕೆ ತಾನು ಯಾರು ಅನ್ನದೇ ಮರ್ತೋಗೈತೆ. ಟವರು ಯಾರು ನೀನು ಅಂತ ಕೇಳ್ತೈತೆ, ಇದು ಸುಮ್ನೆ ನಿಲ್ತೈತೆ. ಟವರು ಒಳಗೆ ಬಿಡಲ್ಲ. ಹಳೇ ಫೋನು, ಹೊಸ ಸಾಫ್ಟ್‌ವೇರು, ಒಂದಕ್ಕೊಂದು ಹೊಂದಲ್ಲ. ಬಿಚ್ಚಿ ನೋಡ್ತೀನಿ, ಗ್ಯಾರಂಟಿ ಕೊಡಲ್ಲ.”

“ಸಿಮ್ಮು?” ಎಂದೆ.

“ಸಿಮ್ಮಿಗೇನಾಗೈತೆ? ಸಿಮ್ಮು ಗಟ್ಟಿ ಐತೆ” ಎಂದು ಅದನ್ನು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಕೂರಿಸಿ, ತಮ್ಮ ಹಳೆಯ ಬಟನ್ ಫೋನಿಗೆ ಹಾಕಿದರು. ಕಡ್ಡಿಗಳು ಒಂದೊಂದಾಗಿ ಎದ್ದವು. ಎರಡು ದಿನ ಇದನ್ನು ನಾನೇಕೆ ಮಾಡಲಿಲ್ಲ ಎಂದು ತಲೆ ಚಚ್ಚಿಕೊಳ್ಳುವಂತಾಯಿತು. ಆ ಫೋನನ್ನು ಇಟ್ಟುಕೊಳ್ಳಿ, ನಿಮ್ಮದನ್ನು ಒಯ್ಯಲು ಬರುವಾಗ ತಂದರಾಯಿತು ಎಂದರು. ಒಳ್ಳೆಯ ಮನುಷ್ಯ.

ಅಷ್ಟರಲ್ಲಿ ಫೋನು ಕೀ ಕೀ ಎಂದು ಮೆಸೇಜುಗಳನ್ನು ಇಳಿಸತೊಡಗಿತು. ನಿಮ್ಮ ಫೋನು ಸಂಪರ್ಕದಲ್ಲಿ ಇಲ್ಲದಾಗ ಈ ನಂಬರಿನಿಂದ ಕರೆ ಬಂದಿತ್ತು ಎಂಬ ಮೆಸೇಜುಗಳು. ಎಲ್ಲವೂ ಅಣ್ಣನ ನಂಬರೇ. ಗುರುವಾರ ಸಂಜೆ ಆರು ಸಲ. ಶುಕ್ರವಾರ ಸಂಜೆ ನಾಲ್ಕು ಸಲ. ದಿನಕ್ಕೆ ಒಂದೇ ರಿಂಗು ಕೊಡುವವನು ಆರು ಸಲ ಕೊಟ್ಟಿದ್ದಾನೆ! ಅಂಗಡಿಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಆ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ನನ್ನ ಯೋಗ್ಯತೆಗೆ ಇಂಥ ಅಣ್ಣ ಹೆಚ್ಚಾಯಿತು ಅನ್ನಿಸಿತು.

ಸಂಜೆಯವರೆಗೆ ಬಸ್‌ಸ್ಟ್ಯಾಂಡಿನಲ್ಲೇ ಕೂತೆ. ದುರ್ಗಕ್ಕೆ ಹೋಗುವ ಬಸ್ಸುಗಳು ಬಂದು ಬಂದು ಹೋದವು. ದಾರಿಯಲ್ಲಿ ಎಲ್ಲಿಯಾದರೂ ಸಿಗ್ನಲ್ ತಪ್ಪಿ ಅಷ್ಟರಲ್ಲೇ ರಿಂಗು ಬಂದರೆ ಎಂಬ ಭಯಕ್ಕೆ ಹತ್ತಲಿಲ್ಲ. ಎದುರಿನ ಹೋಟೆಲಿನವರು ಗಲ್ಲಾದ ಮೇಲಿನ ಪಟಕ್ಕೆ ಊದುಬತ್ತಿ ಹಚ್ಚಿದರು. ಬೀದಿದೀಪ ಹತ್ತಿತು. ಬಟನ್ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಕೆಂಪು ಬಟನ್ನಿನ ಮೇಲಿಟ್ಟು ಕಾದೆ. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ರಿಂಗು ಬರಲಿಲ್ಲ.

ನಾಲ್ಕು ಕಡ್ಡಿ ಸಿಗ್ನಲ್ ಇಟ್ಟುಕೊಂಡು ಕರೆಯೇ ಬಾರದೆ ಕೂರುವುದು ಅಡ್ಡಗೀಟಿಗಿಂತ ಕೆಟ್ಟದ್ದು. ಕಡೆಗೆ, ಒಂಬತ್ತು ವರ್ಷದಲ್ಲಿ ಮೊದಲ ಸಲ, ಆ ಹೊತ್ತಿನಲ್ಲಿ ನಾನೇ ಅಣ್ಣನಿಗೆ ಮಾಡಿದೆ. ಒಂದು ರಿಂಗಾಯಿತು, ಎರಡಾಯಿತು, ಮೂರು. ಕಟ್ ಆಗುತ್ತದೆಂದು ಕಾದೆ. ಆಗಲಿಲ್ಲ. ಆ ಕಡೆ ಎತ್ತಿದರು.

“ಹಲೋ” ಎಂಬ ಧ್ವನಿ. ಅಣ್ಣನದೇ. ಹಿಂದೆ ಕುರಿಮರಿಗಳ ಅರಚಾಟ.

ಆಗ ನಾನು ಮಾಡಿದ್ದನ್ನು ಬೇರೆ ಯಾರೂ ಮಾಡಲಾರರು. ನನ್ನ ಹೆಬ್ಬೆರಳು ಅಣ್ಣನ ಕರೆ ಬಂದರೆ ಏನು ಮಾಡಬೇಕೆಂದು ಕಲಿತಿತ್ತೋ ಅದನ್ನೇ ಮಾಡಿತು. ಕಟ್ ಮಾಡಿತು.

ಅಯ್ಯೋ ಎಂದು ಮತ್ತೆ ಒತ್ತಿದೆ. ಸ್ವಿಚ್ ಆಫ್. ಮತ್ತೆ ಒತ್ತಿದೆ, ಸ್ವಿಚ್ ಆಫ್. ನಮ್ಮ ಲೆಕ್ಕದಲ್ಲಿ ಎತ್ತಿದರೆ ಏನೋ ಆಗಿದೆ ಎಂದರ್ಥ. ಅವನಿಗೇನಾದರೂ ಆಗಿದೆಯೋ, ಇಲ್ಲಾ ನಾನು ಮುಖದ ಮೇಲೆ ಬಾಗಿಲು ಹಾಕಿದೆ ಎಂದು ಸಿಟ್ಟಾದನೋ? ಬಿಗುಮಾನ, ಸೋಲು ಎಲ್ಲ ಆ ಬಸ್‌ಸ್ಟ್ಯಾಂಡಿನಲ್ಲೇ ಉದುರಿಹೋಯಿತು. ದುರ್ಗದ ಕಡೆ ಹೋಗದೆ ಹೊಸದುರ್ಗದ ಬಸ್ಸು ಹತ್ತಿ ಅಣ್ಣನ ಮನೆಗೆ ಹೋದೆ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಅವಳು ನನ್ನೊಂದಿಗೆ ಮಾತು ಬಿಟ್ಟವಳಲ್ಲ. “ಬಾರವ್ವ, ಏನ್ ಹಿಂಗ್ ಹೇಳ್ದೆ ಕೇಳ್ದೆ ಬಂದೆ?” ಎಂದು ಕಾಲಿಗೆ ನೀರು ಕೊಟ್ಟಳು. ಅಣ್ಣ ಹೇಗಿದ್ದಾನೆ ಎಂದು ಕೇಳಿದೆ.

“ಅವ್ರಿಗೇನಾಗೈತೆ, ಗುಂಡುಕಲ್ಲಿನಂಗೆ ಅವ್ರೆ. ಜವನಗೊಂಡನಹಳ್ಳಿ ಕಡೆ ಶೇಂಗಾ ಕಿತ್ತ ಹೊಲದಾಗೆ ಕುರಿ ತರುಬ್ಯಾರೆ. ನಿನ್ನೆ ಅಪ್ಪ ಮಗಂಗೆ ಏನೋ ಜಗಳ ಆಗೈತಂತೆ. ಅವ್ರ ಫೋನ್ ಯಾವಾಗ್ಲೂ ಮಗನ ಜೇಬಿನಾಗೆ ಇರ್ತಿತ್ತು. ಅದನ್ನ ಕಸ್ಗಂಡವ್ರಂತೆ. ಯಾಕ್ ಅಂತ ಇಬ್ರೂ ಬಾಯ್ ಬಿಡವಲ್ರು.”

ಅಣ್ಣನಿಗೆ ಏನೂ ಆಗಿಲ್ಲ ಎಂದು ಕೇಳಿ ಉಸಿರು ಬಂತು. ಹಾಗಾದರೆ ಸಿಟ್ಟು ನನ್ನ ಮೇಲೆ. ಅತ್ತಿಗೆ ಬಡಿಸಿದ್ದನ್ನು ಉಂಡೆ, ಏನು ಉಂಡೆನೋ ಗೊತ್ತಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೇ ಹಿರಿಯೂರಿಗೆ ಹೊರಟೆ. ಮಾರಿಕಣಿವೆ ಅಣೆಕಟ್ಟಿನ ಕಡೆಯ ಗುಡ್ಡಗಳ ನಡುವೆ ನೀರು ಒಂದೆರಡು ಕಡೆ ಫಳ್ಳೆಂದಿತು, ಬಸ್ಸಿನವರೆಲ್ಲ ಕತ್ತು ಹೊರಳಿಸಿ ನೋಡಿದರು, ನಾನು ಫೋನು ನೋಡಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿದೆ. ಫೋನು ಕೆಟ್ಟಿತ್ತು, ನಾನು ಬಿಟ್ಟಿಲ್ಲ. ಅಷ್ಟು ಹೇಳಿದರೆ ಸಾಕು, ಮಿಕ್ಕದ್ದು ಅವನ ಇಷ್ಟ. ಹಿರಿಯೂರಿನಲ್ಲಿ ಬಸ್ಸು ಬದಲಿಸಿ ಜವನಗೊಂಡನಹಳ್ಳಿಯಲ್ಲಿ ಇಳಿದು, ಚಹಾ ಅಂಗಡಿಯಲ್ಲಿ ಹೊಸದುರ್ಗದ ಕಡೆಯ ಕುರಿಯವರು ಎಲ್ಲಿದ್ದಾರೆ ಎಂದು ಕೇಳಿದೆ. ಕುರಿಯವರು ಎಂಬ ಮಾತು ನನ್ನ ಬಾಯಿಂದ ಬಂದಾಗ ನನಗೇ ನಾಚಿಕೆಯಾಯಿತು.

ಹೆದ್ದಾರಿಯಿಂದ ಅರ್ಧ ಮೈಲಿ ಒಳಗೆ ಮಂದೆ ಇತ್ತು. ನಾಯಿ ಬೊಗಳಿತು. ಬಲೆಯ ಬೇಲಿ ಸುತ್ತುತ್ತಿದ್ದ ಅಣ್ಣನ ಮಗ ತಿರುಗಿ ನೋಡಿ, ನಾಯಿಯನ್ನು ಗದರಿಸಿ, “ಅತ್ತೆ, ಬರ್ರಿ” ಎಂದ. ಅಣ್ಣ ಜಾಲಿ ಮರದ ಕೆಳಗೆ ಒಂದು ಕುರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ. ನನ್ನನ್ನು ನೋಡಿದ. ಮತ್ತೆ ಗೊರಸಿಗೆ ಬಗ್ಗಿದ.

“ಯಾರೋ ಬಂದಾರೆ, ನೀರು ಕೊಡು” ಎಂದು ಮಗನಿಗೆ ಹೇಳಿದ.

ನಾನು ನೀರು ಕುಡಿದೆ. ಅಣ್ಣನಿಗೂ ನನಗೂ ನಡುವೆ ನಾಲ್ಕು ಮಾರು ದೂರ. ನಾನೂ ಹುಡುಗನಿಗೇ ಹೇಳಿದೆ: “ನಿಮ್ಮಪ್ಪಂಗೆ ಹೇಳು, ನನ್ನ ಫೋನು ಕೆಟ್ಟಿತ್ತು. ಅಪ್‌ಡೇಟ್ ಮಾಡೋಕ್ ಹೋಗಿ ಸಿಗ್ನಲ್ಲೇ ಹೋಯ್ತು. ನಾನಾಗಿ ಬಿಟ್ಟಿಲ್ಲ.”

ಹುಡುಗ ಅಪ್ಪನ ಕಡೆ ನೋಡಿದ. “ಏನ್ ಬಿಟ್ಟಿಲ್ಲ ಅಂತ ಕೇಳು” ಎಂದ ಅಣ್ಣ.

“ಕಟ್ ಮಾಡೋದನ್ನ. ಆರು ಸಲ ರಿಂಗ್ ಕೊಟ್ಟಿದ್ದಾನೆ, ಆಮೇಲೆ ನಾಲ್ಕು ಸಲ. ಎಲ್ಲಾ ಮೆಸೇಜ್ ಬಂದಿದೆ. ನೋಡಿ ನಂಗೆ ಅಳು ಬಂತು ಅಂತ ಹೇಳು.”

ಅಣ್ಣ ಕುರಿಯ ಕಾಲು ಬಿಟ್ಟ. ಅದು ಕುಂಟುತ್ತಾ ಓಡಿ ಮಂದೆ ಸೇರಿತು. ಅವನು ಎದ್ದು ನಿಂತು, ಒಂದೂವರೆ ವರ್ಷದಲ್ಲಿ ಮೊದಲ ಸಲ, ನೇರವಾಗಿ ನನ್ನ ಮುಖ ನೋಡಿ ಮಾತಾಡಿದ.

“ನಾನು ಕೊಟ್ಟಿಲ್ಲ. ಅವತ್ತು ನಿನ್ ಮನೆಯಿಂದ ಎದ್ದ್ ಬಂದ್ನಲ್ಲ, ಆಮ್ಯಾಕೆ ಒಂದ್ ದಿನಾನೂ ಕೊಟ್ಟಿಲ್ಲ. ಇವ್ನು ಕೊಟ್ಟಾನೆ. ನಂಗ್ ಗೊತ್ತಿಲ್ದಂಗೆ. ದಿನಾ ನೀನು ಕಟ್ ಮಾಡ್ತಿದ್ಯಲ್ಲ, ಸದ್ದಿಲ್ದಂಗೆ ಮುಗ್ದೋಗದು. ಗುರುವಾರ ಫೋನಿನಾಗಿನ ಆ ಹೆಂಗ್ಸು ಸಂಪರ್ಕದಲ್ಲಿ ಇಲ್ಲ, ಸಂಪರ್ಕದಲ್ಲಿ ಇಲ್ಲ ಅಂತ ಒದರದು ಕೇಳ್ತು. ಶುಕ್ರವಾರಾನೂ ಕೇಳ್ತು. ಯಾರಿಗಲೇ ಅಂದೆ. ಅತ್ತೆಗೆ ಅಂದ.”

ಹುಡುಗ ನೆಲ ನೋಡುತ್ತಾ ನಿಂತಿದ್ದ.

“ಯಾಕಪ್ಪ?” ಎಂದೆ ಅವನಿಗೆ.

“ನೀವು ಕಾಯ್ತಿರ್ತೀರ ಅಂತ ಅತ್ತೆ” ಎಂದ. “ಅಪ್ಪಂಗೆ ಸಿಟ್ಟು. ನಿಮಗೆ ಅಲ್ಲಿ ಯಾರವ್ರೆ? ಒಬ್ರೇ ಇರ್ತೀರ. ಮೊನ್ನೆ ಕಟ್ ಆಗ್ಲಿಲ್ಲಲ್ಲ, ಏನಾಯ್ತೋ ಅಂತ ಭಯ ಆಯ್ತು. ದುರ್ಗಕ್ಕೆ ಹೋಗ್ ಬತ್ತೀನಿ ಅಂದ್ರೆ ಅಪ್ಪ ಫೋನ್ ಕಿತ್ಕಂಡ್ರು.”

ಐನೂರಕ್ಕೂ ಹೆಚ್ಚು ಸಂಜೆ. ಅಣ್ಣನ ಕೈ ಎಂದು ನಂಬಿ ನಾನು ನೆಮ್ಮದಿಯಾಗಿ ಮಲಗಿದ ಅಷ್ಟೂ ಸಂಜೆ ನನ್ನನ್ನು ವಿಚಾರಿಸಿದ್ದು ಈ ಹುಡುಗ. ನಾನು ಯಾರ ಕಿವಿಗೆ ಆ ಮಾತು ಬೀಳುವಂತೆ ಆಡಿದ್ದೆನೋ ಅವನು. ಬದುವಿನ ಮೇಲೆ ಕೂತುಬಿಟ್ಟೆ. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಯಾವುದೂ ಉಪಯೋಗಕ್ಕೆ ಬರಲಿಲ್ಲ.

“ಅವತ್ತು ನಾನು ಆಡಿದ ಮಾತು ಕೆಟ್ಟದ್ದು” ಎಂದೆ. “ನಿನಗೆ ಅಂದದ್ದು, ನಮ್ಮಪ್ಪಂಗೆ ಅಂದಂಗಾಯ್ತು, ನನಗೆ ನಾನೇ ಅಂದ್ಕೊಂಡಂಗೂ ಆಯ್ತು. ಮಗಳು ಓದ್ಬೇಕು ಅಂದಿದ್ದು ನಿಜ. ಆದ್ರೆ ಆ ಮಾತು ನನ್ನದೇ, ಅವಳದಲ್ಲ. ತಪ್ಪಾಯ್ತು ಕಣಪ್ಪ.” ಹೇಳುತ್ತಲೇ ಅಳು ಬಂತು. ಅಣ್ಣನ ಕಡೆ ತಿರುಗಿ, “ಅಣ್ಣ, ನಿನಗೂ ಹೇಳ್ತಿದೀನಿ” ಎಂದೆ.

ಹುಡುಗ, “ಬಿಡ್ರತ್ತೆ, ಏಳ್ರಿ, ಮಣ್ಣಾಗ್ತೈತೆ” ಎಂದ. ಅಣ್ಣ ಟವಲಿನಲ್ಲಿ ಮುಖ ಒರೆಸಿಕೊಂಡ. “ನಿನ್ನೆ ಎತ್ತಿದ್ನಲ್ಲ” ಎಂದ. “ನೀನೇ ಅಂತ ಗೊತ್ತಾಗಿ ಎತ್ತಿದೆ. ಮಾತಾಡಾಣ ಅಂತ. ನೀನು ಕಟ್ ಮಾಡ್ದೆ. ನಾನೂ ಆಫ್ ಮಾಡ್ದೆ.”

“ಕೈ ರೂಢಿ ಅಣ್ಣ” ಎಂದೆ.

ಆಮೇಲೆ ಅಣ್ಣ ಮತ್ತೆ ನನ್ನೊಂದಿಗೆ ಮಾತಾಡಲಿಲ್ಲ. ಹುಡುಗ ಮೂರು ಕಲ್ಲಿನ ಒಲೆಯಲ್ಲಿ ಮುದ್ದೆ ತಿರುವಿ, ಸೊಪ್ಪಿನ ಸಾರು ಹಾಕಿ ಕೊಟ್ಟ. ನಾನು ಅವನೊಂದಿಗೆ ಮರದ ನೆರಳಲ್ಲಿ ಉಂಡೆ. ಅಣ್ಣ ತಟ್ಟೆ ತೆಗೆದುಕೊಂಡು ಮಂದೆಯ ಆಚೆ ಹೋಗಿ ನಮಗೆ ಬೆನ್ನು ಹಾಕಿ ಕೂತು ಉಂಡ. ಕ್ಷಮೆ ಕೇಳಿದ ತಕ್ಷಣ ಎಲ್ಲ ಸರಿಹೋಗಬೇಕೆಂದು ಬಯಸುವುದು ನನ್ನ ಆತುರ. ಒಂದೂವರೆ ವರ್ಷ ತಡ ಮಾಡಿದವಳು ಮಧ್ಯಾಹ್ನದೊಳಗೆ ಉತ್ತರ ಕೇಳುವುದು ಹೇಗೆ?

ನಾಲ್ಕು ಗಂಟೆ ಸುಮಾರಿಗೆ ಹೊರಡುತ್ತೇನೆಂದು ಹುಡುಗನಿಗೆ ಹೇಳಿದೆ. ಅವನು ಚಪ್ಪಲಿ ಮೆಟ್ಟಿ ನನ್ನೊಂದಿಗೆ ಹೊರಟ. ಅಣ್ಣ ಮಂದೆಯ ಆಚೆಯಿಂದ ಕೂಗಿದ: “ಲೇ, ನೀನು ಕುರಿ ನೋಡ್ಕ.” ಟವಲು ಹೆಗಲಿಗೆ ಹಾಕಿಕೊಂಡು ತಾನೇ ಮುಂದೆ ನಡೆದ. ನಾನು ಹತ್ತು ಹೆಜ್ಜೆ ಹಿಂದೆ. ಮೊಣಕಾಲು ನೋವಿಗೆ ಅವನು ಒಂದು ಕಡೆ ವಾಲಿ ನಡೆಯುವುದನ್ನು ನೋಡುತ್ತಾ, ಈಗ ಏನಾದರೂ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಹೆದ್ದಾರಿಯವರೆಗೂ ಕಾದೆ. ಅವನು ಹಿಂತಿರುಗಿಯೂ ನೋಡಲಿಲ್ಲ.

ನಾವು ಹೋಗಿ ನಿಂತದ್ದು ಬಸ್ಸು ನಿಲ್ಲಿಸುವ ಜಾಗವಲ್ಲ. ಎರಡು ಬಸ್ಸು ಹಾರನ್ ಹೊಡೆದುಕೊಂಡು ಮುಂದೆ ಹೋದವು. ಮೂರನೆಯದು ಬರುವಾಗ ಅಣ್ಣ ಹೆಗಲ ಟವಲು ತೆಗೆದು, ರಸ್ತೆಗೆ ಎರಡು ಹೆಜ್ಜೆ ಇಳಿದು, ಬೀಸುತ್ತಾ ನಿಂತ. ಬಸ್ಸು ಕಿರ್ರೆಂದು ನಿಂತಿತು. ಬಾಗಿಲು ತೆರೆದ ಕಂಡಕ್ಟರ್, “ಏನಜ್ಜಾ, ರೋಡಿಗೇ ಬತ್ತೀಯಲ್ಲ!” ಎಂದು ರೇಗಿದ.

ಅಣ್ಣ ಬಾಗಿಲ ಕಂಬಿ ಹಿಡಿದುಕೊಂಡ. “ನಮ್ ತಂಗಿ ಕಣ್ರಿ” ಎಂದ. “ಒಡಹುಟ್ಟಿದ ತಂಗಿ. ದುರ್ಗಕ್ಕೆ ಹೋಗ್ಬೇಕು. ಸೀಟ್ ನೋಡಿ ಕೂರ್ಸ್ರಿ.”

ನಾನು ಹತ್ತಿದೆ. ಬಸ್ಸು ಹೊರಟಿತು. ಕಂಡಕ್ಟರ್ ಮಹಿಳೆಯರ ಉಚಿತ ಟಿಕೆಟ್ಟಿಗೆಂದು ಆಧಾರ್ ಕಾರ್ಡ್ ಕೇಳಿದ. ಬ್ಯಾಗಿನಲ್ಲಿ ಕೈಯಾಡಿಸಿದರೆ ಕಣ್ಣೀರಿಗೆ ಒಂದೂ ಕಾಣಿಸುತ್ತಿಲ್ಲ.

“ಅವರು ನಮ್ಮಣ್ಣ” ಎಂದೆ.

“ಗೊತ್ತಾಯ್ತು ಬಿಡ್ರಿ ಅಕ್ಕಾ, ಅವ್ರೇ ಹೇಳಿದ್ರಲ್ಲ” ಎಂದ ಕಂಡಕ್ಟರ್. “ಕಾರ್ಡ್ ನಿಧಾನಕ್ಕೆ ತೋರ್ಸ್ರಿ, ಮೊದ್ಲು ಕುಂತ್ಕಳ್ರಿ.”